ಸೊನ್ನೆಯ ವೇಷದಲ್ಲಿ ಬಂದ ಕಳ್ಳ

ಅಕ್ಕನ ಮಗನ ಲ್ಯಾಪ್‌ಟಾಪ್ ಹೊತ್ತು ಕಳೆದ ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿದ್ದೆ. ‘ಸ್ಲೋ ಆಗಿದೆ’ ಎಂಬುದಷ್ಟೇ ದೂರು. ರಿಪೇರಿ ಹುಡುಗ ತೆರೆದಿದ್ದನ್ನೆಲ್ಲ ಮುಚ್ಚಿ, ಕಪ್ಪು ಪರದೆಯಲ್ಲಿ ‘ನೆಟ್‌ಸ್ಟ್ಯಾಟ್’ ಎಂದು ಟೈಪಿಸಿದ. ಸರಸರನೆ ಇಳಿದ ಸಾಲುಗಳಲ್ಲಿ ಒಂದರ ಮೇಲೆ ಬೆರಳಿಟ್ಟು, ‘ಬ್ರೌಸರೇ ಓಪನ್ ಇಲ್ಲ ಸಾರ್, ಇದು ಯಾರ ಜೊತೆ ಮಾತಾಡ್ತಾ ಇದೆ?’ ಎಂದ. ಮೊದಲು ವೈಫೈ ಆಫ್ ಮಾಡಿದ.

ಬೆನ್ನುಹತ್ತಿದಾಗ ಟೆಂಪ್ ಫೋಲ್ಡರಿನಲ್ಲಿ ಒಂದು ಫೈಲು ಸಿಕ್ಕಿತು. ಹೆಸರು ವಿಂಡೋಸ್‌ನದೇ ‘ಎಸ್‌ವಿಸಿ ಹೋಸ್ಟ್’. ಕಣ್ಣು ಕಿರಿದಾಗಿಸಿ ನೋಡಿದರೆ ‘ಓ’ ಅಕ್ಷರವಿರಬೇಕಾದಲ್ಲಿ ಸೊನ್ನೆ! ಹಿಂಬಾಗಿಲು ತೆರೆದಿಟ್ಟು ಕೂತಿದ್ದವನು ಇವನೇ. ಪುಕ್ಕಟೆ ಆಟದ ‘ಕ್ರ್ಯಾಕ್’ ಜೊತೆ ಬಂದಿದ್ದ. ‘ಆ್ಯಂಟಿವೈರಸ್ ಆಫ್ ಮಾಡಿ’ ಎಂದು ಅದರಲ್ಲೇ ಬರೆದಿತ್ತಂತೆ. ನಮ್ಮ ಹುಡುಗ ಯಾರ ಮಾತನ್ನೂ ಕೇಳದವನು, ಅದನ್ನು ಮಾತ್ರ ಕೇಳಿದ್ದಾನೆ.

ಅಂಕಿಗೆ ಅಕ್ಷರದ ವೇಷ ತೊಡಿಸುವ ಈ ಚಟ ಹಳೆಯದು. 1998ರಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮಾವೇಶದಲ್ಲಿ ‘ಕಲ್ಟ್ ಆಫ್ ದ ಡೆಡ್ ಕೌ’ ಎಂಬ ಹ್ಯಾಕರ್ ಗುಂಪು ‘ಬ್ಯಾಕ್ ಒರಿಫಿಸ್’ ಬಿಡುಗಡೆ ಮಾಡಿತು. ಮೈಕ್ರೋಸಾಫ್ಟ್‌ನ ‘ಬ್ಯಾಕ್ ಆಫೀಸ್’ ಹೆಸರಿನ ಪೋಲಿ ಅಣಕ. ದೂರದಲ್ಲಿ ಕೂತವನ ಕೈಗೆ ನಿಮ್ಮ ಕೀಲಿಮಣೆ, ಕಡತ ಎಲ್ಲ. ಅದು ಕಾಯುತ್ತಿದ್ದ ಪೋರ್ಟ್ ಸಂಖ್ಯೆ 31337. ಇಂಗ್ಲಿಷ್‌ನಲ್ಲಿ 3 ಅನ್ನು ‘ಇ’, 1 ಅನ್ನು ‘ಎಲ್’, 7 ಅನ್ನು ‘ಟಿ’ ಎಂದು ಓದಿಕೊಳ್ಳಿ: ‘ಎಲೀಟ್’! ಕದಿಯಲು ಬಂದವನು ಬಾಗಿಲಿಗೆ ತನ್ನ ಬಿರುದಿನ ಫಲಕ ತೂಗುಹಾಕಿದಂತೆ. ವಿಂಡೋಸ್‌ನ ಹುಳುಕು ತೋರಿಸಲೆಂದೇ ಮಾಡಿದ್ದು ಎಂದರು. ನನಗೆ ಪೂರ್ತಿ ನಂಬಿಕೆಯಿಲ್ಲ.

ಈಗಿನವರಿಗೆ ಇಂಥ ಜಂಬವಿಲ್ಲ. 2024ರಲ್ಲಿ ಲಿನಕ್ಸ್‌ನ ‘ಎಕ್ಸ್‌ಜಡ್’ ತಂತ್ರಾಂಶದೊಳಗೆ ಹಿಂಬಾಗಿಲು ಇಟ್ಟವನು ಎರಡು ವರ್ಷಕ್ಕೂ ಹೆಚ್ಚು ಕಾಲ ಸಜ್ಜನನಂತೆ ಕೆಲಸ ಮಾಡಿದ್ದ. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಲೆಕೆಡಿಸಿಕೊಂಡದ್ದರಿಂದ ಆ ಹಿಂಬಾಗಿಲು ಬಯಲಾಯಿತು.

ನಮ್ಮ ಲ್ಯಾಪ್‌ಟಾಪಿಗೆ ಮರಳೋಣ. ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ವಿಂಡೋಸ್ ಏಳುವ ಮೊದಲೇ ಹುಡುಕುತ್ತದೆ, ಅಡಗಿದವರು ಸಿಗುವ ಸಾಧ್ಯತೆ ಹೆಚ್ಚು. ಸ್ಟಾರ್ಟ್‌ಅಪ್, ಟಾಸ್ಕ್ ಶೆಡ್ಯೂಲರ್‌ಗಳನ್ನೂ ನೋಡಬೇಕು. ಫೈಲು ಅಳಿಸಿದರೂ ಅಲ್ಲಿಂದ ಮತ್ತೆ ಹುಟ್ಟಬಹುದು. ‘ಆದ್ರೂ ಗ್ಯಾರಂಟಿ ಇಲ್ಲ ಸಾರ್, ಫಾರ್ಮ್ಯಾಟೇ ವಾಸಿ’ ಎಂದ ರಿಪೇರಿ ಹುಡುಗ. ನನ್ನ ಮತವೂ ಅದೇ. ಫೋಟೊ, ದಾಖಲೆ ಮಾತ್ರ ಉಳಿಸಿಕೊಂಡು, ವಿಂಡೋಸ್ ಹೊಸದಾಗಿ ಹಾಕಿಸಿದೆವು. ಪಾಸ್‌ವರ್ಡುಗಳನ್ನು ಬದಲಿಸಿದ್ದು ನನ್ನ ಫೋನಿನಿಂದ.

ಕೂಲಿ ಏಳುನೂರು ರೂಪಾಯಿ. ಆ ಆಟದ ಅಸಲಿ ಬೆಲೆ ನಾನೂರು.