ಹಳೆ ಹೆಣ್ಣಿಲಿಗಳ ಮನೆಗೆ ಹೊಸ ಮರಿಗಳು

ಇಲಿ ಸಾಕುತ್ತೇವೆ ಎಂದರೆ ಮುಂಬೈಯಲ್ಲಿ ಜನ ಮೊದಲು ನಗುತ್ತಾರೆ, ಆಮೇಲೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರದು ತಪ್ಪಲ್ಲ. ರಾತ್ರಿ ಹೊತ್ತು ಇಲಿ ಕೊಲ್ಲಲೆಂದೇ ಮಹಾನಗರಪಾಲಿಕೆ ಜನರನ್ನು ಇಟ್ಟಿರುವ ಊರು ಇದು. 1896ರಲ್ಲಿ ಪ್ಲೇಗು ಇಲ್ಲಿ ಕಾಣಿಸಿಕೊಂಡು ಆಮೇಲೆ ನಮ್ಮ ಕಡೆಗೂ ಬಂತು. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ದಾಟಿ ಮನೆಗೆ ಬಂದವರಿಗೆ ಇಲಿಜ್ವರದ ಭಯ ಬೇರೆ. ಆದರೂ ನಾಯಿಗೆ ಜಾಗವಿಲ್ಲ, ಬೆಕ್ಕಿನ ಕೂದಲಿಗೆ ಅಜ್ಜಿಗೆ ಉಬ್ಬಸ ಎನ್ನುವ ಮನೆಗಳಲ್ಲಿ ಮಕ್ಕಳು ಹಟ ಹಿಡಿದು ಇಲಿ ತರುತ್ತಾರೆ. ನಮ್ಮ ಥಾಣೆಯ ಮನೆಗೂ ಹಾಗೆಯೇ ಬಂದವು. ಇಷ್ಟಪಟ್ಟು ತಂದವಳು ಮಗಳು, ಪಂಜರ ತೊಳೆಯುವವಳು ನಾನು.

ತಂದದ್ದು ಮೂರು ಹೆಣ್ಣು. ರಾಗಿ, ಶೇಂಗಾ, ಬೆಲ್ಲ. ಸಾಕಿದ ಇಲಿಯ ಆಯುಷ್ಯ ಎರಡರಿಂದ ಮೂರು ವರ್ಷ, ಅಷ್ಟೇ. ಹೆಣ್ಣುಗಳಿಗೆ ವಯಸ್ಸಾದಂತೆ ಮೊಲೆಯ ಭಾಗದಲ್ಲಿ ಗಡ್ಡೆ ಬರುವುದು ತೀರಾ ಸಾಮಾನ್ಯ. ರಾಗಿ ಎರಡು ವರ್ಷ ತುಂಬುವ ಮೊದಲೇ ಹೋದಳು. ಉಳಿದದ್ದು ಎರಡು, ಎರಡೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು. ಇನ್ನೊಂದು ಹೋದರೆ ಕೊನೆಯದು ಒಂಟಿ. ಇಲಿ ಗುಂಪಿನ ಪ್ರಾಣಿ, ಒಂದರ ಮೇಲೊಂದು ಬಿದ್ದುಕೊಂಡು ಮಲಗುವ ಜಾತಿ. ಮನುಷ್ಯರು ಎಷ್ಟು ಮುದ್ದು ಮಾಡಿದರೂ ರಾತ್ರಿಯಿಡೀ ಪಕ್ಕದಲ್ಲಿ ಮಲಗಿ ಕಿವಿಯ ಹಿಂದೆ ನೆಕ್ಕಿ ಕೊಡಲು ಆಗುವುದಿಲ್ಲವಲ್ಲ. ಹಾಗಾಗಿ ಮರಿಗಳನ್ನು ತರುವುದೆಂದಾಯಿತು. ಒಂದಲ್ಲ, ಎರಡು. ಒಂದೇ ಮರಿ ತಂದರೆ ಆಡಲು ಜೊತೆಯಿಲ್ಲದೆ ಅದು ಮುದುಕಿಯರ ಬೆನ್ನು ಹತ್ತುತ್ತದೆ. ಎರಡಿದ್ದರೆ ಅವುಗಳ ಪಾಡಿಗೆ ಅವು ಕುಸ್ತಿ ಆಡಿಕೊಂಡಿರುತ್ತವೆ, ಹೆದರಿದಾಗ ಒಂದಕ್ಕೊಂದು ಆತುಕೊಳ್ಳುತ್ತವೆ.

ಮರಿ ಕೊಳ್ಳುವಾಗ ನೋಡಬೇಕಾದ್ದು ಮೂರು. ಕನ್ನಡದಲ್ಲಿ ಸುಂಡಿಲಿ, ಇಲಿ, ಹೆಗ್ಗಣ ಎಂದು ಬೇರೆ ಬೇರೆ ಮಾತಿದೆ. ಅಂಗಡಿಯಲ್ಲಿ ಬಿಳಿ ಬಣ್ಣದ್ದೆಲ್ಲ ‘ವೈಟ್ ರ‍್ಯಾಟ್’. ಬೆಳೆದ ಬಿಳಿ ಸುಂಡಿಲಿಯನ್ನೇ ಇಲಿಮರಿ ಎಂದು ಕೊಟ್ಟುಬಿಡುತ್ತಾರೆ. ಸುಂಡಿಲಿ ಬೆಳೆದರೂ ಮೂವತ್ತು ಗ್ರಾಂ ಆಸುಪಾಸು, ನಮ್ಮ ಹೆಣ್ಣಿಲಿ ಮುನ್ನೂರು ಗ್ರಾಂ. ಇಲಿಗೆ ಸುಂಡಿಲಿ ಬೇಟೆ, ಒಂದೇ ಪಂಜರದಲ್ಲಿ ಬಿಟ್ಟರೆ ಕೊಂದುಹಾಕಬಹುದು. ತಲೆ ದಪ್ಪ, ಪಾದ ದೊಡ್ಡದು, ಬಾಲದ ಬುಡ ದಪ್ಪ ಇದ್ದರೆ ಇಲಿಮರಿ. ಎರಡನೆಯದು ಗಂಡೋ ಹೆಣ್ಣೋ ಎಂಬುದು. ಐದಾರು ವಾರಕ್ಕೇ ಗಂಡುಮರಿ ಬಲಿಯುತ್ತದೆ. ನಾಲ್ಕೈದು ವಾರದ ಗಂಡಿನಲ್ಲಿ ಬೀಜ ಕಾಣುತ್ತದೆ, ಹೆಣ್ಣಿನ ಹೊಟ್ಟೆಯ ಮೇಲೆ ಸಣ್ಣ ಚುಕ್ಕಿಗಳಂತೆ ಮೊಲೆತೊಟ್ಟು. ‘ಎರಡೂ ಫೀಮೇಲ್’ ಎಂಬ ಅಂಗಡಿಯವನ ಮಾತಿನ ಮೇಲೆ ಹೋಗದೆ ಬಾಲ ಎತ್ತಿ ನೋಡಿ. ಮೂರನೆಯದು ಪಂಜರದ ಕಂಬಿ. ದೊಡ್ಡವಕ್ಕೆ ಸರಿಯಾದ ಪಂಜರದಿಂದ ಮರಿ ನುಸುಳಿ ಹೋಗುತ್ತದೆ. ಕಂಬಿಗಳ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಜಾಗ ಇರಬಾರದು.

ತಂದ ದಿನವೇ ಒಟ್ಟಿಗೆ ಬಿಡುವಂತಿಲ್ಲ. ಇಲಿಗಳಲ್ಲಿ ಮೈಕೋಪ್ಲಾಸ್ಮಾ ಎಂಬ ಶ್ವಾಸಕೋಶದ ಸೋಂಕು ಬಹಳ. ಸೀನು, ಉಸಿರಿನಲ್ಲಿ ಗೊರಗೊರ, ಕಣ್ಣು ಮೂಗಿನ ಸುತ್ತ ಕೆಂಪು ಕಂಡರೆ ಎಚ್ಚರ. ಆ ಕೆಂಪು ರಕ್ತವಲ್ಲ, ಪಾರ್ಫಿರಿನ್ ಎಂಬ ಕಣ್ಣೀರಿನ ಬಣ್ಣ, ಆದರೆ ಮೈ ಸರಿಯಿಲ್ಲ ಎಂಬುದರ ಗುರುತು. ಹೊಸಬರನ್ನು ಎರಡು ಮೂರು ವಾರ ಬೇರೆ ಇಡಬೇಕು. ಒಂದೇ ಮನೆಯ ಇನ್ನೊಂದು ಕೋಣೆ ಸಾಲದು, ಗಾಳಿ ಒಂದೇ. ಒನ್ ಬಿಎಚ್‌ಕೆಯಲ್ಲಿ ಇನ್ನೊಂದು ಕೋಣೆಯಾದರೂ ಎಲ್ಲಿಂದ ಬರಬೇಕು? ನಮ್ಮ ಮರಿಗಳು, ಎಳ್ಳು ಮತ್ತು ಜೀರಿಗೆ, ಮೂರು ವಾರ ಮಗಳ ಗೆಳತಿಯ ಮನೆಯ ಬಾಲ್ಕನಿ ಪಕ್ಕದ ಕೋಣೆಯಲ್ಲಿದ್ದವು. ಆಕೆಯ ತಾಯಿ ಗುಜರಾತಿ, ಕಟ್ಟಾ ಜೈನರು. ನಮ್ಮ ಜಾತಿಯವರಲ್ಲಿ ಯಾರೂ ಇಷ್ಟು ಸಲೀಸಾಗಿ ‘ಇರಲಿ ಬಿಡಿ’ ಅನ್ನುತ್ತಿರಲಿಲ್ಲ. ಮೂರು ವಾರ ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಂಗಡಿಯಲ್ಲಿ ಗಂಡುಗಳ ಜೊತೆ ಇದ್ದ ಹೆಣ್ಣು ಬಸಿರಾಗಿರಬಹುದು. ಇಲಿಯ ಬಸಿರು 21ರಿಂದ 23 ದಿನ, ಅಷ್ಟರಲ್ಲಿ ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ಬರೀ ತಯಾರಿ. ಮುಖ್ಯವಾದದ್ದು ಮೂಗಿನ ವಿಚಾರ. ಇಲಿಗೆ ಕಣ್ಣು ಮಂದ, ಗುರುತೆಲ್ಲ ವಾಸನೆಯಲ್ಲಿ. ಪಂಜರ ಅಂದರೆ ದೊಡ್ಡವಕ್ಕೆ ತಮ್ಮ ವಾಸನೆ ಬಳಿದಿಟ್ಟ ಮನೆ. ಅಲ್ಲಿಗೆ ಪರಕೀಯ ವಾಸನೆಯ ಮರಿಯನ್ನು ನೇರ ಇಳಿಸಿದರೆ ಓಡಿಸದೆ ಬಿಡುತ್ತವೆಯೆ? ಮೊದಲು ಹಳೆ ಬನಿಯನ್ ತುಂಡುಗಳನ್ನು ಹಾಸಿಗೆಯಾಗಿ ಕೊಟ್ಟು, ಎರಡು ದಿನಕ್ಕೊಮ್ಮೆ ಇವರದು ಅವರಿಗೆ, ಅವರದು ಇವರಿಗೆ ಅದಲುಬದಲು ಮಾಡಿದೆವು. ಶೇಂಗಾ ಆ ಬಟ್ಟೆಯನ್ನು ಎಳೆದು ಮೂಲೆಗೆ ತುರುಕಿದಳು. ಬೆಲ್ಲ ಅದರ ಮೇಲೆ ಉಚ್ಚೆ ಹೊಯ್ದಳು. ಇಬ್ಬರ ಸ್ವಭಾವ ಅಲ್ಲೇ ತಿಳಿಯಿತು. ಕೆಲವರು ಎಲ್ಲ ಇಲಿಗಳ ಬೆನ್ನಿಗೂ ವೆನಿಲಾ ಎಸೆನ್ಸ್ ಸವರುತ್ತಾರೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ತಾಸೆರಡು ತಾಸಿನಲ್ಲಿ ನೆಕ್ಕಿ ತೆಗೆದ ಮೇಲೆ ಒಳಗಿನ ವಾಸನೆ ಅದೇ ತಾನೆ.

ಭೇಟಿ ಆಗಬೇಕಾದ್ದು ಯಾರದೂ ಅಲ್ಲದ ಜಾಗದಲ್ಲಿ. ಬೇರೆ ದೇಶಗಳಲ್ಲಿ ಬಾತ್‌ಟಬ್ ಬಳಸುತ್ತಾರೆ. ನಮ್ಮ ಮನೆಗಳಲ್ಲಿ ಅದರ ಬದಲು ಬಾತ್‌ರೂಮಿನ ನೆಲ ಎಂದು ಹೊರಟರೆ ಅಪಾಯ. ಮೋರಿಯ ಜಾಲರಿ ಸಡಿಲವಿದ್ದರೆ ಮರಿ ಅದರೊಳಗೆ. ಮೇಲಾಗಿ ಗಟಾರದ ಇಲಿಗಳು ಬಂದುಹೋಗುವ ದಾರಿಯೂ ಅದೇ. ಲೆಪ್ಟೊಸ್ಪೈರೋಸಿಸ್ ಅವುಗಳ ಉಚ್ಚೆಯಿಂದಲೇ ಬರುವುದು. ಮಂಚದ ಮೇಲೆ ತೊಳೆದ ಚಾದರ ಹಾಸಿ, ಸುತ್ತ ದಿಂಬಿನ ಗೋಡೆ ಕಟ್ಟಿದೆವು. ಅಡಗಲು ಡಬ್ಬಿ ಗಿಬ್ಬಿ ಏನೂ ಇಡಲಿಲ್ಲ, ಮೂಲೆಯಲ್ಲಿ ಸಿಕ್ಕಿಬಿದ್ದಾಗಲೇ ಕಚ್ಚಾಟ ಜಾಸ್ತಿ. ಕೈಯಲ್ಲಿ ದಪ್ಪ ಟವೆಲ್. ಜಗಳದ ನಡುವೆ ಬರಿಗೈ ಹಾಕಬಾರದು, ಹಲ್ಲು ಯಾರದೆಂದು ನೋಡಿ ಕಚ್ಚುವುದಿಲ್ಲ.

ಮೊದಲ ಐದು ನಿಮಿಷ ನೋಡುವವರ ಎದೆ ಒಡೆದುಹೋಗುತ್ತದೆ. ಶೇಂಗಾ ನೇರ ಬಂದು ಎಳ್ಳುವಿನ ಹಿಂಭಾಗ ಮೂಸಿ, ಅಂಗಾತ ಕೆಡವಿ, ಎರಡೂ ಮುಂಗಾಲಲ್ಲಿ ಅದುಮಿ ಹಿಡಿದು ಹೊಟ್ಟೆ ನೆಕ್ಕತೊಡಗಿದಳು. ಎಳ್ಳು ಮನೆ ಬಿರಿಯುವಂತೆ ಕೀಚಿಡುತ್ತಿತ್ತು. ಮಗಳು ಎತ್ತಿಕೊಳ್ಳಲು ಕೈ ಚಾಚಿದಳು, ನಾನು ತಡೆದೆ. ಊರಲ್ಲಿ ಅಜ್ಜಿಯರು ಕಾಲ ಮೇಲೆ ಕೂಸು ಹಾಕಿಕೊಂಡು ಎಣ್ಣೆನೀರು ಹಾಕುವಾಗ ಕೂಸು ಹೇಗೆ ಕಿರುಚುತ್ತದೆ? ಇದೂ ಹಾಗೆಯೇ. ‘ಈ ಮನೆಯಲ್ಲಿ ದೊಡ್ಡವಳು ನಾನು’ ಎಂದು ತಿಳಿಸುವ ಕ್ರಮ ಅದು, ನೋವಾಗುವುದಿಲ್ಲ. ಎದ್ದು ನಿಂತು ಮುಂಗಾಲಲ್ಲಿ ತಳ್ಳಾಡುವುದು, ಅಟ್ಟಿಸಿಕೊಂಡು ಹೋಗುವುದು, ಬೆನ್ನೇರುವುದು ಎಲ್ಲವೂ ನಡೆಯಬೇಕಾದ್ದೇ. ಪ್ರತಿ ಕೀಚಿಗೂ ನಾವು ಮರಿಯನ್ನು ಎತ್ತಿಕೊಂಡರೆ ಯಾರು ದೊಡ್ಡವರು ಎಂಬುದು ಇತ್ಯರ್ಥವಾಗುವುದೇ ಇಲ್ಲ, ಮಾರನೆಯ ದಿನ ಮತ್ತೆ ಮೊದಲಿನಿಂದ.

ಹೆದರಬೇಕಾದ್ದು ಸದ್ದಿಗಲ್ಲ. ಮೈಕೂದಲೆಲ್ಲ ಬಾಟಲಿ ತೊಳೆಯುವ ಬ್ರಷ್‌ನಂತೆ ನಿಮಿರಿ, ಬೆನ್ನು ಬಿಲ್ಲಾಗಿ, ಅಡ್ಡಡ್ಡ ಸರಿಯುತ್ತ ಒಂದು ಇಲಿ ಇನ್ನೊಂದರ ಕಡೆ ಬಂತೆಂದರೆ ಆಗ ಟವೆಲ್ ನಡುವೆ ಬೀಳಬೇಕು. ಆ ಹೊತ್ತಿನಲ್ಲಿ ಎಷ್ಟೋ ಸಲ ಸದ್ದೇ ಇರುವುದಿಲ್ಲ. ಮೂತಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಿ. ಆಟದಲ್ಲಿ ಅದು ಕತ್ತಿನ ಹಿಂಭಾಗಕ್ಕೆ ಹೋಗುತ್ತದೆ, ನಿಜವಾದ ಜಗಳದಲ್ಲಿ ಹಲ್ಲು ಬೀಳುವುದು ಸೊಂಟಕ್ಕೆ, ಪಕ್ಕೆಗೆ. ಒಂದೆರಡು ಗೀರು ಪರವಾಗಿಲ್ಲ. ರಕ್ತ ಸೋರುವ ಗಾಯವಾದರೆ ಅಂದಿನ ಭೇಟಿ ಮುಗಿಯಿತು, ಹಲವು ದಿನ ಬಿಟ್ಟು ಮತ್ತೆ ವಾಸನೆಯಿಂದಲೇ ಶುರು. ಇಲಿ ನೋಡುವ ಪಶುವೈದ್ಯರು ಕಡಿಮೆ, ಅಂಥವರ ನಂಬರನ್ನು ಮೊದಲೇ ಹುಡುಕಿ ಇಟ್ಟುಕೊಂಡಿರಿ.

ನಮಗೆ ಕೇಳುವ ಕೀಚು ಅವುಗಳ ಮಾತಿನಲ್ಲಿ ಸಣ್ಣ ಪಾಲು ಮಾತ್ರ. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ ಇಲಿಗಳಿಗೆ ಕಚಗುಳಿ ಇಟ್ಟು ನೋಡಿದರು. ಆಟದಲ್ಲೂ ಕಚಗುಳಿಯಲ್ಲೂ ಅವು 50 ಕಿಲೋಹರ್ಟ್ಸ್ ಆಸುಪಾಸಿನ ಚಿಲಿಪಿಲಿ ಹೊರಡಿಸುತ್ತವೆ. ಹೆದರಿದಾಗ, ಸಂಕಟದಲ್ಲಿ 22ರ ಸುಮಾರು. ಮನುಷ್ಯರ ಕಿವಿ 20ಕ್ಕೇ ನಿಲ್ಲುತ್ತದೆ. ಮಂಚದ ಮೇಲೆ ಆ ಹೊತ್ತು ಯಾರು ನಗುತ್ತಿದ್ದರೋ ನಮಗೆ ತಿಳಿಯುವುದಿಲ್ಲ, ಕೂದಲು ನೋಡಿಯೇ ಊಹಿಸಬೇಕು.

ಮೊದಲ ದಿನ ಹದಿನೈದು ನಿಮಿಷ, ಮಾರನೆಯ ದಿನ ಅರ್ಧ ಗಂಟೆ, ಹೀಗೆ ಏರಿಸುತ್ತ ಹೋದೆವು. ನಡುವೆ ಒಂದು ಸಂಜೆ ಬೆಲ್ಲ ಕಿವಿ ಪಟಪಟ ನಡುಗಿಸುತ್ತ, ಚಂಗನೆ ಹಾರುತ್ತ ಎಲ್ಲರಿಗೂ ಕಾಟ ಕೊಟ್ಟಳು. ಅದು ಬೆದೆ. ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಒಂದು ರಾತ್ರಿಯಲ್ಲಿ ಇಳಿಯುತ್ತದೆ, ಅದನ್ನು ನೋಡಿ ಎಲ್ಲ ಕೆಟ್ಟಿತು ಎಂದುಕೊಳ್ಳಬೇಕಿಲ್ಲ. ಬಿಗುವು ಹೆಚ್ಚಾದಾಗ ಮರಿಗಳ ಬೆನ್ನಿಗೆ ಚೂರು ಸಪ್ಪೆ ಮೊಸರು ಸವರುತ್ತಿದ್ದೆ. ದೊಡ್ಡವು ಕೋಪ ಮರೆತು ನೆಕ್ಕುತ್ತವೆ, ನೆಕ್ಕುತ್ತ ನೆಕ್ಕುತ್ತ ಮರಿಗೆ ಇವರದೇ ವಾಸನೆ ಹತ್ತುತ್ತದೆ.

ಆರನೆಯ ದಿನ ಭಾನುವಾರ, ಎಲ್ಲರೂ ಮನೆಯಲ್ಲಿದ್ದೆವು. ಪಂಜರವನ್ನು ಸಾಬೂನು, ವಿನೆಗರ್ ಹಾಕಿ ತಿಕ್ಕಿ, ಒಳಗಿನದೆಲ್ಲ ಜಾಗ ಬದಲಿಸಿ ಹೊಸ ಮನೆಯಂತೆ ಮಾಡಿದೆವು. ಒಂದೇ ಬಾಗಿಲಿನ ಗೂಡುಗಳನ್ನು ತೆಗೆದು, ಎರಡೂ ಕಡೆ ತೂತಿರುವ ರಟ್ಟಿನ ಡಬ್ಬಿ ಇಟ್ಟೆವು. ನೀರಿನ ಬಾಟಲಿ ಎರಡು, ಊಟದ ಬಟ್ಟಲು ಎರಡು. ಇಲ್ಲದಿದ್ದರೆ ಒಬ್ಬಳೇ ಕಾವಲು ಕೂತುಬಿಡುತ್ತಾಳೆ. ಮೊದಲು ಮರಿಗಳನ್ನು ಬಿಟ್ಟು, ಅರ್ಧ ಗಂಟೆಯ ಮೇಲೆ ದೊಡ್ಡವನ್ನು ಬಿಟ್ಟೆವು. ಆ ರಾತ್ರಿ ಮರಿಗಳನ್ನು ಅವುಗಳ ಸಣ್ಣ ಪಂಜರಕ್ಕೇ ಮರಳಿಸಿದೆ. ನಾಲ್ಕೂ ಒಂದೇ ಜೋಳಿಗೆಯಲ್ಲಿ ಗುಡ್ಡೆಯಾಗಿ ಮಲಗುವವರೆಗೆ ನಾವು ನಿದ್ದೆಯಲ್ಲಿರುವಾಗ ಒಟ್ಟಿಗೆ ಬಿಡುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು. ಗುಡ್ಡೆ ಕಂಡದ್ದು ಮಂಗಳವಾರ ಮಧ್ಯಾಹ್ನ. ಆಮೇಲೂ ಒಂದು ವಾರ ಅಡುಗೆ ತಕ್ಕಡಿಯಲ್ಲಿ ಮರಿಗಳನ್ನು ದಿನಾ ತೂಗಿದೆ. ತೂಕ ಏರುತ್ತಿದ್ದರೆ ಊಟ ಸಿಗುತ್ತಿದೆ ಎಂದರ್ಥ.

ಶೇಂಗಾ ಐದು ತಿಂಗಳ ಮೇಲೆ ಹೋದಳು. ಬೆಲ್ಲ ಇನ್ನೂ ಮೂರು ತಿಂಗಳಿದ್ದಳು. ಹಿಂಗಾಲು ಸೋತಿತ್ತು, ಜೋಳಿಗೆಯನ್ನು ನೆಲದ ಮಟ್ಟಕ್ಕೆ ಇಳಿಸಿದ್ದೆವು. ಮರಿಗಳು ಅವಳ ಬಾಯಿಂದಲೇ ಸೌತೆಕಾಯಿ ಕಿತ್ತುಕೊಂಡು ಓಡುತ್ತಿದ್ದವು. ಹಾಗಾಗಿ ಅವಳಿಗೆ ದಿನಕ್ಕೆರಡು ಸಲ ಹೊರಗೆ, ನನ್ನ ಮಡಿಲಲ್ಲಿ ಊಟ. ತಿಂದಾದ ಮೇಲೆ ಒಳಗೆ ಬಿಟ್ಟರೆ ಎಳ್ಳು ಬಂದು ಅವಳ ಮುಖ ತೊಳೆಯುತ್ತಿತ್ತು. ಕೊನೆಯ ರಾತ್ರಿಯೂ ಎರಡೂ ಅವಳ ಮೇಲೆಯೇ ಮಲಗಿದ್ದವು.

ಈಗ ಎಳ್ಳು, ಜೀರಿಗೆಗೆ ಒಂದೂಕಾಲು ವರ್ಷ. ಮಗಳು ಮತ್ತೆ ಎರಡು ಮರಿ ಕೇಳುತ್ತಿದ್ದಾಳೆ. ಹೀಗೇ ತರುತ್ತ ಹೋದರೆ ಸರಪಳಿ ಮುಗಿಯುವುದೇ ಇಲ್ಲ, ಮುಂದಿನ ವರ್ಷ ಅವಳು ಹಾಸ್ಟೆಲಿಗೆ. ಬೇರೆ ದಾರಿ ಇರುವುದು ಒಂದೇ, ಎರಡರಲ್ಲಿ ಉಳಿದ ಒಂದನ್ನು ಇನ್ನೊಬ್ಬರ ಗುಂಪಿಗೆ ಕೊಡುವುದು. ಬೆಳೆದ ಇಲಿ ಮರಿಯಷ್ಟು ಸುಲಭಕ್ಕೆ ಹೊಂದಿಕೊಳ್ಳುವುದಿಲ್ಲ. ಮುಲುಂಡಿನ ಒಬ್ಬರ ಮನೆಯಲ್ಲಿ ನಾಲ್ಕು ಹೆಣ್ಣಿಲಿಗಳಿವೆ. ‘ಸಮಯ ಬಂದಾಗ ಹೇಳಿ’ ಎಂದಿದ್ದಾರೆ. ಅವರಲ್ಲಿಂದ ಹಾಸಿದ ಬಟ್ಟೆ ತುಂಡೊಂದನ್ನು ಮೊನ್ನೆಯೇ ಡಬ್ಬಿಯಲ್ಲಿ ಹಾಕಿ ತಂದಿದ್ದೇನೆ.