ಪಕ್ಕದ ಮನೆಯವರ ಭಯ: ಐರಾ ಲೆವಿನ್

ಪ್ರೇಯಸಿಯನ್ನು ಶಾರುಖ್ ಖಾನ್ ಕಟ್ಟಡದ ಮೇಲಿನಿಂದ ತಳ್ಳುವ ‘ಬಾಜಿಗರ್’ (1993) ದೃಶ್ಯ ಎಷ್ಟೋ ಜನರಿಗೆ ಇಂದಿಗೂ ನೆನಪಿದೆ. ಅದರ ಬೇರು ಇರುವುದು ನಲವತ್ತು ವರ್ಷ ಹಿಂದಿನ ‘ಎ ಕಿಸ್ ಬಿಫೋರ್ ಡೈಯಿಂಗ್’ ಎಂಬ ಅಮೆರಿಕನ್ ಕಾದಂಬರಿಯಲ್ಲಿ. ಬರೆದವನು ನ್ಯೂಯಾರ್ಕಿನ ಆಟಿಕೆ ವ್ಯಾಪಾರಿಯ ಮಗ ಐರಾ ಲೆವಿನ್. 1929ರಲ್ಲಿ ಹುಟ್ಟಿದ ಆತನಿಗೆ ಪುಸ್ತಕ ಅಚ್ಚಾದಾಗ ಇನ್ನೂ ಇಪ್ಪತ್ತೈದು ತುಂಬಿರಲಿಲ್ಲ. ಮೊದಲ ಕಾದಂಬರಿಗೇ ಪತ್ತೇದಾರಿ ಸಾಹಿತ್ಯದ ಎಡ್ಗರ್ ಪ್ರಶಸ್ತಿ ಬಂತು.

ಸಿನಿಮಾದಲ್ಲಿ ಕೊಲೆಗಾರನಿಗೆ ಸೇಡಿನ ನೆಪವಿದೆ. ಪುಸ್ತಕದವನಿಗೆ ಇರುವುದು ತಾಮ್ರದ ಉದ್ಯಮಿಯ ಆಸ್ತಿಯ ಮೇಲಿನ ಕಣ್ಣು, ಅಷ್ಟೇ. ಮೊದಲ ಭಾಗದುದ್ದಕ್ಕೂ ನಾವು ಅವನ ತಲೆಯೊಳಗೇ ಇರುತ್ತೇವೆ. ಹೆಸರು ಮಾತ್ರ ತಿಳಿಯುವುದಿಲ್ಲ. ಎರಡನೆಯ ಭಾಗದಲ್ಲಿ ಸತ್ತವಳ ಅಕ್ಕ ಹಂತಕನನ್ನು ಹುಡುಕಿಕೊಂಡು ಕಾಲೇಜಿನ ಹುಡುಗರನ್ನು ಮಾತಾಡಿಸುತ್ತಾಳೆ. ಇವರಲ್ಲಿ ಅವನು ಯಾರು? ಅವಳಷ್ಟೇ ನಾವೂ ಕುರುಡರು. ಮುಖ ತೋರಿಸಲೇಬೇಕಾದ ಸಿನಿಮಾಕ್ಕೆ ಈ ಆಟ ದಕ್ಕುವುದು ಕಷ್ಟ.

ಎರಡನೆಯ ಕಾದಂಬರಿಗೆ ಓದುಗರು ಹದಿನಾಲ್ಕು ವರ್ಷ ಕಾಯಬೇಕಾಯಿತು. ನಡುವೆ ಆತ ನಾಟಕ ಬರೆಯುತ್ತಿದ್ದ. 1967ರಲ್ಲಿ ಬಂದ ‘ರೋಸ್‌ಮೆರೀಸ್ ಬೇಬಿ’ಯಲ್ಲಿ ಸೈತಾನನಿದ್ದಾನೆ, ನಿಜ. ಆದರೆ ನನ್ನ ಮಟ್ಟಿಗೆ ಮೈ ನಡುಗಿಸುವವರು ಪಕ್ಕದ ಮನೆಯ ಮುದುಕ ದಂಪತಿ. ಬಟ್ಟಲಲ್ಲಿ ಸಿಹಿ ತಂದುಕೊಡುವವರು, ಬಸುರಿಯ ಆರೋಗ್ಯ ವಿಚಾರಿಸುವವರು, ಒಳ್ಳೆಯ ಡಾಕ್ಟರರನ್ನು ಗೊತ್ತುಮಾಡುವವರು. ಅವರು ಕೊಟ್ಟ ಚಾಕೊಲೇಟ್ ಸಿಹಿಯಲ್ಲಿ ರೋಸ್‌ಮೆರಿಗೆ ಸುಣ್ಣದಂಥ ರುಚಿ ಹತ್ತುತ್ತದೆ. ಗಂಡನೋ ತಿನ್ನು ತಿನ್ನು ಎಂದು ಬಲವಂತ ಮಾಡುತ್ತಾನೆ. ಅವಳು ಸ್ವಲ್ಪ ತಿಂದು ಉಳಿದದ್ದನ್ನು ಅವನ ಕಣ್ಣುತಪ್ಪಿಸಿ ಸಾಗಹಾಕುತ್ತಾಳೆ. ಅದು 1965ರ ಅಕ್ಟೋಬರ್ 4, ಪೋಪ್ ನಿಜವಾಗಿಯೂ ನ್ಯೂಯಾರ್ಕಿಗೆ ಬಂದಿದ್ದ ದಿನ. ನಂಬಲಾಗದ್ದನ್ನು ಹೇಳಹೊರಟ ಲೆವಿನ್ ದಿನಪತ್ರಿಕೆಯ ಸುದ್ದಿಗಳನ್ನು ಹೀಗೆ ಕಥೆಯುದ್ದಕ್ಕೂ ಪೋಣಿಸಿದ್ದಾನೆ. ಕೊನೆಗೆ ಅವಳು ತಪ್ಪಿಸಿಕೊಂಡು ಬೇರೆ ಡಾಕ್ಟರರ ಬಳಿ ಓಡಿ ಎಲ್ಲವನ್ನೂ ಹೇಳಿಕೊಳ್ಳುತ್ತಾಳೆ. ಅವರು ಸಮಾಧಾನದಿಂದ ಕೇಳಿ, ಮಲಗಿಕೋ ಎಂದು ಹೇಳಿ, ಅವಳ ಗಂಡನಿಗೇ ಸುದ್ದಿ ಮುಟ್ಟಿಸುತ್ತಾರೆ!

ಮರುವರ್ಷವೇ ರೋಮನ್ ಪೊಲಾನ್ಸ್ಕಿ ಇದನ್ನು ಸಿನಿಮಾ ಮಾಡಿದ. ಪುಸ್ತಕಕ್ಕೆ ಎಷ್ಟು ನಿಷ್ಠನೆಂದರೆ, ಗಂಡ ಆಸೆಪಟ್ಟ ಅಂಗಿಯ ಜಾಹೀರಾತು ‘ನ್ಯೂಯಾರ್ಕರ್’ ಪತ್ರಿಕೆಯ ಯಾವ ಸಂಚಿಕೆಯಲ್ಲಿತ್ತು ಎಂದು ಲೆವಿನ್‌ನನ್ನೇ ಕೇಳಿದನಂತೆ. ಅದು ತಾನು ಕಟ್ಟಿದ್ದು ಎಂದು ಲೆವಿನ್ ಒಪ್ಪಿಕೊಳ್ಳಬೇಕಾಯಿತು.

‘ದಿ ಸ್ಟೆಪ್‌ಫರ್ಡ್ ವೈವ್ಸ್’ (1972) ಕೂಡ ಗಂಡಂದಿರನ್ನೇ ಅನುಮಾನಿಸುವ ಕಥೆ. ‘ದಿ ಬಾಯ್ಸ್ ಫ್ರಮ್ ಬ್ರೆಜಿಲ್’ (1976) ಹಿಟ್ಲರನ ತದ್ರೂಪಿ ಹುಡುಗರ ಬಗೆಗಿನದು; ತದ್ರೂಪಿ ಕುರಿ ಡಾಲಿ ನಿಜವಾಗಿ ಹುಟ್ಟಿದ್ದು ಅದಾಗಿ ಇಪ್ಪತ್ತು ವರ್ಷಕ್ಕೆ. ‘ಡೆತ್‌ಟ್ರ್ಯಾಪ್’ ನಾಟಕ 1978ರಲ್ಲಿ ಬ್ರಾಡ್‌ವೇಗೆ ಬಂದು 1,793 ಪ್ರದರ್ಶನ ಕಂಡಿತು. 2007ರಲ್ಲಿ ತೀರಿಕೊಳ್ಳುವವರೆಗೆ ಆತ ಬರೆದದ್ದು ಏಳೇ ಕಾದಂಬರಿ. ಕೊನೆಯದಾದ ‘ಸನ್ ಆಫ್ ರೋಸ್‌ಮೆರಿ’ (1997) ಬಿಟ್ಟರೂ ನಷ್ಟವಿಲ್ಲ.

ರೋಸ್‌ಮೆರಿಯ ಯಶಸ್ಸಿನ ಬೆನ್ನಿಗೆ ‘ದಿ ಎಕ್ಸಾರ್ಸಿಸ್ಟ್’, ‘ದಿ ಓಮೆನ್’ನಂಥ ಸೈತಾನನ ಕಥೆಗಳು ಬಂದವು. ಸ್ವತಃ ಸೈತಾನನನ್ನು ನಂಬದ ಲೆವಿನ್‌ಗೆ, ಜನರಲ್ಲಿ ಆ ನಂಬಿಕೆ ಬೆಳೆಯಲು ತಾನೂ ಕಾರಣನಾದೆನಲ್ಲ ಎಂಬ ಅಳುಕು ಮುಪ್ಪಿನಲ್ಲಿ ಕಾಡಿತ್ತು. ಹಾಗಂತ ರಾಯಧನದ ಚೆಕ್ಕುಗಳನ್ನೇನೂ ವಾಪಸ್ ಕಳಿಸಲಿಲ್ಲ ಎಂದೂ ಆತನೇ ಸೇರಿಸಿದ್ದ.