ಮೊದಲ ಟ್ರಯಥ್ಲಾನ್‌ಗೆ ಬೆಟ್ಟದ ದಾರಿಯೇ? ಚಾಮುಂಡಿ ಬೆಟ್ಟದಲ್ಲೇ ತಯಾರಾಗಿ, ಆದರೆ ಆತುರ ಬೇಡ

ಮೈಸೂರು: ಈಜು, ಸೈಕಲ್, ಓಟ. ಈ ಮೂರನ್ನೂ ಒಂದೇ ದಿನ, ಒಂದರ ಹಿಂದೆ ಒಂದರಂತೆ ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 1974ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಶುರುವಾದ ಈ ಆಟ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿ ಸೇರಿತು. ಹೊಸಬರು ಸಾಮಾನ್ಯವಾಗಿ ‘ಸ್ಪ್ರಿಂಟ್’ ವಿಭಾಗದಿಂದ ಶುರು ಮಾಡುತ್ತಾರೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ.

ದೂರ ನೋಡಿದರೆ ‘ಇಷ್ಟೇನಾ’ ಅನ್ನಿಸಬಹುದು. ಆದರೆ ಸೈಕಲ್ ದಾರಿಯಲ್ಲಿ ಬೆಟ್ಟವೊಂದು ಬಂದರೆ ಲೆಕ್ಕವೇ ಬದಲಾಗುತ್ತದೆ. ಮೊದಲ ಸಲ ಇಳಿಯುವವರಲ್ಲಿ ಹಲವರು ಏರಿನಲ್ಲೇ ಶಕ್ತಿಯೆಲ್ಲ ಖರ್ಚು ಮಾಡಿ, ಕೊನೆಯ 5 ಕಿ.ಮೀ. ಕಾಲೆಳೆದುಕೊಂಡು ನಡೆಯುತ್ತಾರೆ. ಇನ್ನು ಕೆಲವರು ಇಳಿಜಾರಿನಲ್ಲಿ ಬಿದ್ದು ಏಟು ಮಾಡಿಕೊಳ್ಳುತ್ತಾರೆ.

ದೇವರಾಜ ಮೊಹಲ್ಲಾದಂಥ ಅಂಗಡಿ, ಟ್ರಾಫಿಕ್ ತುಂಬಿದ ಜಾಗದಲ್ಲಿ ಇರುವವರಿಗೆ ‘ಅಭ್ಯಾಸ ಎಲ್ಲಿ ಮಾಡೋದು’ ಅನ್ನುವ ಚಿಂತೆ ಸಹಜ. ಆದರೆ ಬೇಕಾದದ್ದೆಲ್ಲ ಹತ್ತಿರದಲ್ಲೇ ಇದೆ. ಈಜಿಗೆ ಸರಸ್ವತಿಪುರಂನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಈಜುಕೊಳ, ಓಟಕ್ಕೆ ಕುಕ್ಕರಹಳ್ಳಿ ಕೆರೆ ಏರಿ, ಏರಿಳಿತಕ್ಕೆ ಚಾಮುಂಡಿ ಬೆಟ್ಟ.

ಏರಿನಲ್ಲಿ ಅವಸರ ಮಾಡಿದರೆ ಏನಾಗುತ್ತೆ?

ಮೈಸೂರು ನಗರ ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ಮೇಲ್ಭಾಗ ಸುಮಾರು 1,060 ಮೀಟರ್. ಅಂದರೆ ಹತ್ತಬೇಕಾದ್ದು 300 ಮೀಟರ್ ಹತ್ತಿರ.

ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ಅಂದುಕೊಳ್ಳಿ. ಈ ತೂಕವನ್ನು 30 ನಿಮಿಷದಲ್ಲಿ ಮೇಲಕ್ಕೆ ಒಯ್ಯಲು ಸರಾಸರಿ 130 ವಾಟ್ ಶಕ್ತಿ ಬೇಕು. ಅದನ್ನೇ 20 ನಿಮಿಷದಲ್ಲಿ ಮಾಡಲು ಹೋದರೆ ಸುಮಾರು 195 ವಾಟ್. ಗಾಳಿ ಮತ್ತು ಟೈರಿನ ತಡೆ ಇದರಲ್ಲಿ ಸೇರಿಲ್ಲ. ಹತ್ತು ನಿಮಿಷ ಉಳಿಸುವ ಆಸೆಗೆ ಕಾಲು ಒಂದೂವರೆ ಪಟ್ಟು ಜೋರಾಗಿ ದುಡಿಯಬೇಕು. ಆ ಸುಸ್ತಿನ ಬಿಲ್ಲು ಓಟದಲ್ಲಿ ಬರುತ್ತದೆ.

ಸರಿಯಾದ ವೇಗ ಯಾವುದು ಅಂತ ತಿಳಿಯಲು ದುಬಾರಿ ಗಡಿಯಾರ ಬೇಕಿಲ್ಲ. ಏರು ಹತ್ತುವಾಗ ಪಕ್ಕದವರ ಜತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಎರಡು ಪದಕ್ಕೇ ಉಸಿರು ಕಟ್ಟಿದರೆ ಗೇರ್ ಇಳಿಸಿ. ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡ ಚಕ್ರಕ್ಕೆ ಚೈನ್ ಬಂದರೆ ತುಳಿಯೋದು ಹಗುರ. ಏರು ಕಡಿದಾಗುವ ಮೊದಲೇ ಗೇರ್ ಬದಲಿಸಿ. ಭಾರ ಬಿದ್ದ ಮೇಲೆ ಬದಲಿಸಿದರೆ ಚೈನ್ ಕಳಚಬಹುದು.

12 ವಾರದ ಲೆಕ್ಕ

ಮೊದಲ 4 ವಾರ: ವಾರಕ್ಕೆ ಎರಡು ದಿನ ಈಜು, ಎರಡು ದಿನ ಸಮತಟ್ಟು ರಸ್ತೆಯಲ್ಲಿ ಸೈಕಲ್, ಎರಡು ದಿನ ಓಟ, ಒಂದು ದಿನ ಪೂರ್ತಿ ವಿಶ್ರಾಂತಿ. ಈ ಹಂತದಲ್ಲಿ ಬೆಟ್ಟ ಬೇಡ.

5ರಿಂದ 8ನೇ ವಾರ: ವಾರಕ್ಕೊಮ್ಮೆ ಸೈಕಲ್‌ನಲ್ಲಿ ಬೆಟ್ಟ. ಮೊದಲ ಸಲ ಅರ್ಧ ದಾರಿಗೇ ವಾಪಸ್ ಬಂದರೂ ತಪ್ಪಿಲ್ಲ. ಎರಡು ವಾರಕ್ಕೊಮ್ಮೆ ಸಾವಿರ ಮೆಟ್ಟಿಲು ಹತ್ತಬಹುದು. ನಂದಿ ಹತ್ತಿರ ನಿಂತು ಸುಧಾರಿಸಿಕೊಂಡು ಮುಂದುವರಿಯಿರಿ. ಇಳಿಯುವಾಗ ಮೆಟ್ಟಿಲ ಮೇಲೆ ಓಡಬೇಡಿ. ಇಳಿಯುವ ಹೊಡೆತಕ್ಕೆ ತೊಡೆಯ ಸ್ನಾಯು ಹತ್ತುವುದಕ್ಕಿಂತ ಹೆಚ್ಚು ನೋಯುತ್ತದೆ, ಆ ನೋವು ಎರಡು ಮೂರು ದಿನ ಇರುತ್ತದೆ. 201ನೇ ನಂಬರ್ ಸಿಟಿ ಬಸ್ ಹತ್ತಿ ಇಳಿದು ಬಂದರೆ ಅಭ್ಯಾಸಕ್ಕೇನೂ ನಷ್ಟವಿಲ್ಲ.

9ರಿಂದ 11ನೇ ವಾರ: ಬೆಟ್ಟ ಹತ್ತಿಳಿದು, ಸೈಕಲ್ ನಿಲ್ಲಿಸಿದ ತಕ್ಷಣ 2ರಿಂದ 3 ಕಿ.ಮೀ. ಓಡಿ. ಮೊದಲ ಕೆಲವು ನಿಮಿಷ ಕಾಲು ಕಟ್ಟಿಗೆ ಥರ ಅನ್ನಿಸುತ್ತೆ. ಸ್ಪರ್ಧೆಯ ದಿನ ಗಾಬರಿಯಾಗದಿರಲು ಇದು ಮೊದಲೇ ಅನುಭವಕ್ಕೆ ಬಂದಿರಬೇಕು.

12ನೇ ವಾರ: ಎಲ್ಲವನ್ನೂ ಅರ್ಧಕ್ಕಿಳಿಸಿ. ಕೊನೆಯ ನಾಲ್ಕು ದಿನ ಬೆಟ್ಟದ ಕಡೆ ಹೋಗಬೇಡಿ.

ಇಳಿಜಾರಿನಲ್ಲಿ ಜೋಪಾನ

ಬೆಟ್ಟದ ರಸ್ತೆಯಲ್ಲಿ ಪ್ರವಾಸಿ ಬಸ್ಸು, ಕಾರು, ಕೋತಿ, ಸೆಲ್ಫಿಗೆ ನಿಂತವರು ಎಲ್ಲರೂ ಸಿಗುತ್ತಾರೆ. ತಿರುವಿನ ಒಳಗೆ ಬ್ರೇಕ್ ಹಿಡಿಯಬೇಡಿ, ತಿರುವಿಗೆ ಮೊದಲೇ ಎರಡೂ ಬ್ರೇಕ್ ಬಳಸಿ ವೇಗ ಇಳಿಸಿ. ಉದ್ದಕ್ಕೂ ಒತ್ತಿ ಹಿಡಿದರೆ ಬ್ರೇಕ್ ಬಿಸಿಯಾಗುತ್ತದೆ, ಬಿಟ್ಟು ಬಿಟ್ಟು ಹಿಡಿಯಿರಿ. ಮಳೆ ಬಂದಾಗ ಬ್ರೇಕ್ ತಡವಾಗಿ ಹಿಡಿಯುತ್ತೆ. 2021ರ ಅಕ್ಟೋಬರ್ ಮಳೆಗೆ ನಂದಿ ಕಡೆಯ ರಸ್ತೆ ಕುಸಿದದ್ದು ಮೈಸೂರಿಗರಿಗೆ ನೆನಪಿರಬಹುದು. ಜೋರು ಮಳೆಯ ಮಾರನೇ ದಿನ ಬೆಟ್ಟ ಬಿಟ್ಟುಬಿಡಿ. ಆಷಾಢ ಶುಕ್ರವಾರ, ದಸರಾ ದಿನಗಳಲ್ಲಿ ಭಕ್ತರ ಜಂಗುಳಿ ಇರುವುದರಿಂದ ಅಂದು ಅಭ್ಯಾಸ ಬೇಡವೇ ಬೇಡ.

ಈಜು: ಕೆರೆಗೆ ಇಳಿಯಬೇಡಿ

ಕೊಳ 25 ಮೀಟರ್ ಇದ್ದರೆ 30 ಸಲ, 50 ಮೀಟರ್ ಇದ್ದರೆ 15 ಸಲ ಈಜಿದರೆ 750 ಮೀಟರ್. ಸ್ಪರ್ಧೆಯಲ್ಲಿ ಯಾವ ಶೈಲಿಯಲ್ಲಿ ಬೇಕಾದರೂ ಈಜಬಹುದು, ಮುಂದೆ ಸಾಗದೆ ರಕ್ಷಣಾ ದೋಣಿ ಹಿಡಿದು ಸುಧಾರಿಸಿಕೊಳ್ಳಲೂ ಸಾಮಾನ್ಯವಾಗಿ ಅವಕಾಶ ಇರುತ್ತದೆ. ಹಾಗಂತ ಅಭ್ಯಾಸಕ್ಕೆ ಕೆರೆ, ನಾಲೆ, ಕಾವೇರಿಗೆ ಒಬ್ಬರೇ ಇಳಿಯುವುದು ಜೀವಕ್ಕೇ ಅಪಾಯ. ಕೊಳದಲ್ಲೇ ಆಗಾಗ ತಲೆ ಎತ್ತಿ ಮುಂದೆ ನೋಡುತ್ತಾ ಈಜುವುದನ್ನು ರೂಢಿಸಿಕೊಳ್ಳಿ. ತೆರೆದ ನೀರಿನಲ್ಲಿ ದಾರಿ ತಪ್ಪದಿರಲು ಇದು ಬೇಕು.

ಊಟ, ಆರೋಗ್ಯ

ಅಭ್ಯಾಸಕ್ಕೆ ಮುಂಚೆ ಮಾರ್ಕೆಟ್ಟಿನ ಒಂದೆರಡು ಬಾಳೆಹಣ್ಣು ಸಾಕು. ಸ್ಪರ್ಧೆಯ ದಿನ ಹೊಸ ತಿಂಡಿ, ಹೊಸ ಶೂ, ಹೊಸ ಪುಡಿ ಪ್ರಯೋಗ ಮಾಡಬೇಡಿ. 40 ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಹೃದಯ ಕಾಯಿಲೆ ಇರುವವರು ಶುರು ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಏರಿನಲ್ಲಿ ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ.

ಹೆಸರು ಕೊಡುವ ಮುನ್ನ

ಸೈಕಲ್ ದಾರಿಯಲ್ಲಿ ಒಟ್ಟು ಎಷ್ಟು ಮೀಟರ್ ಏರಿದೆ, ಪ್ರತಿ ಹಂತಕ್ಕೆ ಗಡುವು ಎಷ್ಟು, ಈಜಿನ ಜಾಗದಲ್ಲಿ ರಕ್ಷಣಾ ತಂಡ ಇದೆಯೇ ಅಂತ ಆಯೋಜಕರನ್ನು ಕೇಳಿ. ಹೆಲ್ಮೆಟ್ ಕಡ್ಡಾಯ. ಈಜು ಮುಗಿಸಿ ಬಂದಾಗ ಹೆಲ್ಮೆಟ್ ಪಟ್ಟಿ ಹಾಕಿಕೊಂಡ ಮೇಲಷ್ಟೇ ಸೈಕಲ್ ತೆಗೆಯಬೇಕು, ಇಲ್ಲದಿದ್ದರೆ ದಂಡ ಬೀಳುತ್ತದೆ. ದಾರಿಯ ಒಟ್ಟು ಏರು 300 ಮೀಟರ್ ಆಸುಪಾಸು ಇದ್ದರೆ, ಚಾಮುಂಡಿ ಬೆಟ್ಟವನ್ನು ಒಮ್ಮೆ ಆರಾಮಾಗಿ ಹತ್ತಿಳಿದು 3 ಕಿ.ಮೀ. ಓಡಲು ಆಗುವವರು ಧೈರ್ಯವಾಗಿ ಹೆಸರು ಕೊಡಬಹುದು. 600 ಮೀಟರ್ ಅಂದರೆ, ಮೊದಲ ಸಲಕ್ಕೆ ಬೇರೆ ಸ್ಪರ್ಧೆ ನೋಡಿಕೊಳ್ಳುವುದೇ ವಾಸಿ.